ಅಪ್ಪನ ಪದವಿ ಮಗನ ಅಂಕವಲ್ಲ

ನಮಸ್ಕಾರ. ಹಿಂದಿನ ಸಂಚಿಕೆಗೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ವೀಕ್ಷಕರೊಬ್ಬರು ಬರೆದ ಪ್ರತಿಕ್ರಿಯೆ ನನ್ನ ತಲೆಯನ್ನು ಕೊರೆಯುತ್ತಲೇ ಇದೆ. ‘ಬಿಳಿಯರು ನೂರು ವರ್ಷ ಉಂಡ ಲೆಗಸಿ ಸವಲತ್ತು ಈಗಷ್ಟೇ ನಮ್ಮ ಮಕ್ಕಳ ಕೈಗೆ ಬರುತ್ತಿರುವಾಗ ಅದನ್ನು ರದ್ದು ಮಾಡಿ ಎನ್ನುವುದು ಹೊಟ್ಟೆಕಿಚ್ಚಲ್ಲದೆ ಮತ್ತೇನು?’ ಎಂದು ಅವರು ಕೇಳಿದ್ದಾರೆ. ಲೆಗಸಿ ಎಂದರೆ ಅಮೆರಿಕದ ಕೆಲವು ಕಾಲೇಜುಗಳು ತಮ್ಮ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಪ್ರವೇಶದಲ್ಲಿ ಕೊಡುವ ಆದ್ಯತೆ. ಸ್ವಾಮಿ, ಹೊಟ್ಟೆಕಿಚ್ಚೆಂದೇ ಇಟ್ಟುಕೊಳ್ಳಿ. ಆದರೂ ಅಪ್ಪನ ಪದವಿ ಮಗನ ಅಂಕವಲ್ಲ.

ಏಷ್ಯನ್ ಮೂಲದ ಅರ್ಜಿದಾರರಿಗೆ ಪ್ರವೇಶದಲ್ಲಿ ಅನ್ಯಾಯವಾಗುತ್ತಿದೆ ಎಂದು ಹಾರ್ವರ್ಡ್ ವಿಶ್ವವಿದ್ಯಾಲಯದ ವಿರುದ್ಧ ಹೂಡಿದ್ದ ಮೊಕದ್ದಮೆ 2018ರಲ್ಲಿ ಬಾಸ್ಟನ್ನಿನಲ್ಲಿ ವಿಚಾರಣೆಗೆ ಬಂದಾಗ ಆ ಸಂಸ್ಥೆಯ ಗುಟ್ಟೆಲ್ಲ ಕಡತಗಳ ರೂಪದಲ್ಲಿ ಹೊರಬಿತ್ತು. ಹಳೆಯ ವಿದ್ಯಾರ್ಥಿಗಳ ಮಕ್ಕಳಲ್ಲಿ ಮೂವರಿಗೆ ಒಬ್ಬರಂತೆ ಪ್ರವೇಶ ಸಿಗುತ್ತಿದ್ದರೆ, ಆ ಭಾಗ್ಯವಿಲ್ಲದವರಲ್ಲಿ ಸಿಗುತ್ತಿದ್ದುದು ನೂರಕ್ಕೆ ಸುಮಾರು 6 ಮಂದಿಗೆ. ‘ಅವರು ಹೇಗೂ ಬುದ್ಧಿವಂತ ಮಕ್ಕಳು’ ಎಂದು ಸಮರ್ಥಿಸುವವರಿದ್ದಾರೆ. ಹೇಗೂ ಬುದ್ಧಿವಂತರಾದರೆ ಬೆನ್ನಿಗೆ ಈ ತಳ್ಳು ಏಕೆ? ಅದೇ ಕಡತಗಳನ್ನು ಜಾಲಾಡಿದ ಅರ್ಥಶಾಸ್ತ್ರಜ್ಞರು, ಲೆಗಸಿ, ಕ್ರೀಡೆ, ದಾನಿಗಳ ನಂಟು ಮತ್ತು ಅಧ್ಯಾಪಕರ ಮಕ್ಕಳೆಂಬ ಬಾಗಿಲುಗಳಿಂದ ಒಳಬಂದ ಬಿಳಿಯ ವಿದ್ಯಾರ್ಥಿಗಳಲ್ಲಿ ಸುಮಾರು ಮುಕ್ಕಾಲು ಪಾಲು, ಆ ಬಾಗಿಲುಗಳಿಲ್ಲದಿದ್ದರೆ ಹೊರಗೇ ಉಳಿಯುತ್ತಿದ್ದರೆಂದು ಲೆಕ್ಕ ಹಾಕಿದರು. ನಮ್ಮೂರ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವನಾದರೂ ನಾಲ್ಕು ಹೆಜ್ಜೆ ಓಡಿರುತ್ತಾನೆ. ಇಲ್ಲಿ ಮೂವತ್ತು ವರ್ಷದ ಹಿಂದೆ ಅಪ್ಪ ಹಾಸಿ ಹೋದ ಟವೆಲ್ಲಿನ ಮೇಲೆ ಮಗ ಬಂದು ಕೂರುತ್ತಾನೆ.

ಇದು ಸಂಪ್ರದಾಯವಂತೆ. ಯಾವ ಸಂಪ್ರದಾಯ? 1920ರ ದಶಕದಲ್ಲಿ, ಪರೀಕ್ಷೆ ಗೆದ್ದು ಬರುತ್ತಿದ್ದ ಯಹೂದಿ ವಲಸಿಗರ ಮಕ್ಕಳ ಸಂಖ್ಯೆ ಏರುವುದನ್ನು ಕಂಡು ಕಂಗಾಲಾದ ಕಾಲೇಜುಗಳು ‘ಚಾರಿತ್ರ್ಯ’ದ ಅಳತೆ, ಸಂದರ್ಶನ ಇತ್ಯಾದಿಗಳೊಂದಿಗೆ ಬೆಳೆಸಿಕೊಂಡ ಬೇಲಿ ಇದು. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಜನಾಂಗವನ್ನು ಪರಿಗಣಿಸುವ ಪ್ರವೇಶ ಪದ್ಧತಿಯನ್ನು ತಳ್ಳಿಹಾಕಿತು, ಆದರೆ ಈ ಬೇಲಿ ಮಾತ್ರ ಹಾಗೆಯೇ ನಿಂತಿತು. ಕರಿಯ ಹುಡುಗಿಗೆ ಕೊಟ್ಟರೆ ಪಕ್ಷಪಾತ, ಬ್ಯಾಂಕರನ ಮಗನಿಗೆ ಕೊಟ್ಟರೆ ಪರಂಪರೆ! ಅಪ್ಪನ ಪದವಿ ಮಗನ ಅಂಕವಲ್ಲ, ಅಜ್ಜನದಂತೂ ಅಲ್ಲವೇ ಅಲ್ಲ.

(ನಡುವೆ ಒಂದು ಮಾತು: ಈ ವಾಹಿನಿಗೆ ಚಂದಾದಾರರಾಗಲು ನಿಮ್ಮ ತಂದೆ ಮೊದಲೇ ಚಂದಾದಾರರಾಗಿರಬೇಕೆಂಬ ನಿಯಮವಿಲ್ಲ. ದಯವಿಟ್ಟು ಗಂಟೆಯನ್ನು ಒತ್ತಿ.)

ಇನ್ನು ‘ಲೆಗಸಿ ತೆಗೆದರೆ ಹಳೆಯ ವಿದ್ಯಾರ್ಥಿಗಳ ದೇಣಿಗೆ ನಿಂತುಹೋಗುತ್ತದೆ’ ಎಂಬ ಗೋಳು. ಹೆಸರಾಂತ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿ ಲೆಗಸಿಯನ್ನು ನೋಡುವುದಿಲ್ಲ. ಅದು ಭಿಕ್ಷಾಪಾತ್ರೆ ಹಿಡಿದು ನಿಂತದ್ದನ್ನು ಯಾರೂ ಕಂಡಿಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಈ ಪದ್ಧತಿಯನ್ನು ಸದ್ದಿಲ್ಲದೆ ಕೈಬಿಟ್ಟು, 2020ರಲ್ಲಷ್ಟೇ ಬಹಿರಂಗಪಡಿಸಿತು. ಅಲ್ಲಿ 2009ರಲ್ಲಿ ಶೇ 12.5ರಷ್ಟಿದ್ದ ಲೆಗಸಿ ವಿದ್ಯಾರ್ಥಿಗಳು 2019ಕ್ಕೆ ಶೇ 3.5ಕ್ಕೆ ಇಳಿದರು, ಕಡಿಮೆ ಆದಾಯದ ಕುಟುಂಬಗಳಿಗೆ ಸಿಗುವ ಪೆಲ್ ನೆರವಿಗೆ ಅರ್ಹರಾದವರು ಶೇ 9ರಿಂದ 19ಕ್ಕೆ ಏರಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಪ್ರತಿಕ್ರಿಯೆ ಬರೆದ ಮಹನೀಯರೇ, ನೀವು ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿ ಅಲ್ಲಿಗೆ ಹೋಗಿ ಎಂ.ಎಸ್. ಮಾಡಿದವರಾಗಿದ್ದರೆ ಒಂದು ವಿಷಯ ತಿಳಿದುಕೊಳ್ಳಿ: ಹಾರ್ವರ್ಡ್ ಲೆಗಸಿ ಎಂದು ಎಣಿಸುವುದು ತನ್ನ ಪದವಿ ಕಾಲೇಜಿನಲ್ಲಿ ಓದಿದವರ ಮಕ್ಕಳನ್ನು. ನಿಮ್ಮ ಸ್ನಾತಕೋತ್ತರ ಪದವಿಗೆ ಅಲ್ಲಿ ಆ ಕಿಮ್ಮತ್ತು ಇಲ್ಲ. ಯಾರದೋ ಮನೆಯ ಹಬ್ಬದೂಟಕ್ಕೆ ನೀವು ಇಲ್ಲಿ ಎಲೆ ಹಾಕಿಸುತ್ತಿದ್ದೀರಿ.

ಕ್ಯಾಲಿಫೋರ್ನಿಯಾದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯಪಾಲರು ರಾಜ್ಯದ ನೆರವು ಪಡೆಯುವ ಖಾಸಗಿ ಕಾಲೇಜುಗಳಲ್ಲೂ ಇದನ್ನು ನಿಷೇಧಿಸುವ ಕಾನೂನಿಗೆ ಸಹಿ ಹಾಕಿದರು. ಅಲ್ಲಿನ ಖಾಸಗಿ ವಿಶ್ವವಿದ್ಯಾಲಯ ಸ್ಟ್ಯಾನ್‌ಫರ್ಡ್ ಏನು ಮಾಡಿತು ಗೊತ್ತೇ? ಬಡ ವಿದ್ಯಾರ್ಥಿಗಳಿಗೆ ರಾಜ್ಯ ಕೊಡುವ ಕ್ಯಾಲ್ ಗ್ರ್ಯಾಂಟ್ ನೆರವನ್ನೇ ಬಿಟ್ಟುಕೊಟ್ಟು, ಆ ಹಣವನ್ನು ತಾನೇ ತುಂಬುತ್ತೇನೆಂದು ಹೇಳಿ, ಲೆಗಸಿಯನ್ನು ಉಳಿಸಿಕೊಂಡಿತು. ಅಂದರೆ ದುಡ್ಡಿಗಾಗಿ ಲೆಗಸಿ ಎಂದವರೇ ಲೆಗಸಿಗಾಗಿ ದುಡ್ಡು ತೆರಲು ಸಿದ್ಧರಾದರು! ಇದಕ್ಕೂ ಯಾರಾದರೂ ಸಮರ್ಥನೆ ಬರೆದು ಕಳಿಸುತ್ತಾರೆ, ನನಗೆ ಗೊತ್ತು. ಕಳಿಸಿ. ಅಪ್ಪನ ಪದವಿ ಮಗನ ಅಂಕವಲ್ಲ ಎಂದು ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುತ್ತೇನೆ, ನನಗೇನೂ ಬೇಸರವಿಲ್ಲ. ಮುಂದಿನ ವಾರ ಕತ್ತಿವರಸೆ ಮತ್ತು ದೋಣಿ ಹುಟ್ಟು ಹಾಕುವ ಕ್ರೀಡೆಗಳ ಮೂಲಕ ಒಳನುಸುಳುವವರ ಕುರಿತು ಮಾತನಾಡೋಣ.