ಲೋಟದ ಮೈಮೇಲೆ ಬರೆದ ನಿಷ್ಠೆ

ಕೇಳುಗರಿಗೆ ನಮಸ್ಕಾರ.

ಮರದ ಒಂದು ಹರಿವಾಣ. ಅದರ ಮೇಲೆ ಬಾಗಿದ ಬಣ್ಣದ ಪಟ್ಟೆ. ಸುಮ್ನೆ ನೋಡಿದರೆ ಯಾರೋ ಕುಂಚ ಒರೆಸಿ ಹೋಗಿದ್ದಾರೆ ಅನ್ನಿಸುತ್ತದೆ. ಹೊಳಪು ಕೊಟ್ಟ ಲೋಹದ ಕೊಳವೆಯೊಂದನ್ನು ಅಲ್ಲಿ ನಿಲ್ಲಿಸಿದರೆ, ಕೊಳವೆಯ ಮೈಯಲ್ಲಿ ಒಬ್ಬ ರಾಜಕುಮಾರನ ಮುಖ ಮೂಡುತ್ತದೆ. ಕೊಳವೆ ಎತ್ತಿಟ್ಟರೆ ಮತ್ತೆ ಬರೀ ಬಣ್ಣ! ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಮ್‌ನಲ್ಲಿರುವ ವೆಸ್ಟ್ ಹೈಲ್ಯಾಂಡ್ ಮ್ಯೂಸಿಯಂ ಇದನ್ನು ಜೋಪಾನ ಮಾಡಿದೆ.

ಇಷ್ಟು ಗುಟ್ಟು ಯಾಕೆ? 1688ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡುಗಳ ದೊರೆ ಎರಡನೇ ಜೇಮ್ಸ್ ಪಟ್ಟ ಕಳೆದುಕೊಂಡು ಫ್ರಾನ್ಸಿಗೆ ಓಡಿಹೋದ. ಅವನ ವಂಶವೇ ಮತ್ತೆ ಆಳಬೇಕು ಅಂತ ಹಟ ಹಿಡಿದವರು ಜಾಕೊಬೈಟರು. 1745ರಲ್ಲಿ ಜೇಮ್ಸ್‌ನ ಮೊಮ್ಮಗ ಚಾರ್ಲ್ಸ್, ಅಂದರೆ ಆ ಹರಿವಾಣದ ರಾಜಕುಮಾರ, ದಂಡು ಕಟ್ಟಿದ. ಮರುವರ್ಷ ಏಪ್ರಿಲ್ 16ರಂದು ಕಲ್ಲೋಡನ್ ಬಯಲಿನಲ್ಲಿ ಸೋತ. ಅವನನ್ನು ಬೆಂಬಲಿಸುವುದು ರಾಜದ್ರೋಹ. ಸಿಕ್ಕಿಬಿದ್ದರೆ ತಲೆಯೇ ಹೋಗಬಹುದಿತ್ತು.

ಆದರೂ ಜನ ಬಿಡಲಿಲ್ಲ. ನಶ್ಯದ ಡಬ್ಬಿಯ ಮುಚ್ಚಳದೊಳಗೆ ಇನ್ನೊಂದು ಮುಚ್ಚಳ, ಅದರಡಿ ರಾಜಕುಮಾರನ ಚಿತ್ರ. ಉಂಗುರದಲ್ಲಿ ಅವನ ಕೂದಲು. ಮದ್ಯದ ಗಾಜಿನ ಲೋಟಗಳ ಮೇಲೆ ಗುಲಾಬಿ, ಪಕ್ಕದಲ್ಲಿ ಮೊಗ್ಗು, ಓಕ್ ಎಲೆ. ಕೆಲವದರಲ್ಲಿ ‘ಫಿಯಟ್’ ಎಂಬ ಲ್ಯಾಟಿನ್ ಮಾತು, ಅಂದರೆ ತಥಾಸ್ತು. ಆಳುತ್ತಿದ್ದ ದೊರೆಯ ಹೆಸರಲ್ಲಿ ಲೋಟ ಎತ್ತಲೇಬೇಕಾಗಿ ಬಂದರೆ ನೀರಿನ ಪಾತ್ರೆಯ ಮೇಲಿಂದ ಹಾಯಿಸಿ ಕುಡಿಯುತ್ತಿದ್ದರಂತೆ. ಕಡಲಾಚೆಯ ದೊರೆಗೆ ಅಂತ ಅರ್ಥ!

ಇವುಗಳಲ್ಲೆಲ್ಲ ಅಪರೂಪದವು ‘ಆಮೆನ್’ ಲೋಟಗಳು. ಉಳಿದಿರುವವು 40ರ ಒಳಗೆ. ಕಿರೀಟ, ಅದರ ಕೆಳಗೆ ಹೆಣೆದುಕೊಂಡ ಅಕ್ಷರಗಳು, ಅವುಗಳ ನಡುವೆ ಒಂದು ಪುಟ್ಟ 8. ಓಡಿಹೋದ ದೊರೆ ಸ್ಕಾಟ್ಲೆಂಡಿನ ಲೆಕ್ಕದಲ್ಲಿ ಏಳನೇ ಜೇಮ್ಸ್; ಗಡಿಪಾರಾಗಿದ್ದ ಅವನ ಮಗ, ಚಾರ್ಲ್ಸ್‌ನ ಅಪ್ಪ ಜೇಮ್ಸ್‌ನನ್ನು ಎಂಟನೇ ಜೇಮ್ಸ್ ಅಂತಲೇ ಜಾಕೊಬೈಟರು ಎಣಿಸುತ್ತಿದ್ದರು. ಜೊತೆಗೆ ಒಂದು ರಾಜಸ್ತುತಿ, ಕೊನೆಗೆ ಆಮೆನ್. ಇಷ್ಟನ್ನೂ ವಜ್ರದ ಮೊನೆಯಿಂದ ಗಾಜಿನ ಮೇಲೆ ಗೀರಿದ್ದಾರೆ. ಕೈ ಒಮ್ಮೆ ಜಾರಿದರೆ ಅಳಿಸುವ ಹಾಗಿಲ್ಲ. ನೇಣಿನ ಭಯ ಬೇರೆ. ಆ ಕೆತ್ತಿದವರ ಧೈರ್ಯ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಇದೇ ದಂಗೆಯಲ್ಲಿ ಸೆರೆಸಿಕ್ಕಿ ಕ್ಷಮೆ ಪಡೆದ ಲಾರ್ಡ್ ಮ್ಯಾಕ್ಲಿಯೋಡ್ ಮುಂದೆ ಬ್ರಿಟಿಷರಿಗಾಗಿಯೇ ಒಂದು ಪಡೆ ಕಟ್ಟಿ, 1780ರಲ್ಲಿ ಮದರಾಸಿಗೆ ಬಂದು ನಮ್ಮ ಹೈದರಾಲಿಯ ವಿರುದ್ಧ ಹೋರಾಡಿದ. ಎಲ್ಲಿಂದೆಲ್ಲಿಗೆ, ಅಲ್ವಾ?

ಚಾರ್ಲ್ಸ್ 1788ರಲ್ಲಿ ರೋಮಿನಲ್ಲಿ ತೀರಿಕೊಂಡ. ತಮ್ಮ ಹೆನ್ರಿ 1807ರಲ್ಲಿ ಹೋದ. ಪಟ್ಟ ಕೇಳುವವರು ಆ ಮನೆಯಲ್ಲಿ ಉಳಿಯಲಿಲ್ಲ. ಅಲ್ಲಿಗೆ ಭಯ ಮುಗಿಯಿತು, ಸಂಗ್ರಹಕಾರರ ಹುಚ್ಚು ಶುರುವಾಯಿತು. ಅದರ ಬೆನ್ನಿಗೇ ನಕಲಿಗಳೂ ಬಂದವು. ಲೋಟ ನಿಜವಾಗಿಯೂ ಹಳೆಯದೇ ಇರುತ್ತದೆ, ಮೇಲಿನ ಗುಲಾಬಿ ಮಾತ್ರ ಹೊಸದು. ಹಾಗಾಗಿ ಬಲ್ಲವರು ಲೋಟದ ವಯಸ್ಸನ್ನಷ್ಟೇ ನೋಡಿ ಒಪ್ಪುವುದಿಲ್ಲ. ಭೂತಗನ್ನಡಿ ಹಿಡಿದು ಕೆತ್ತನೆಯ ಒಂದೊಂದು ಗೆರೆಯನ್ನೂ ನೋಡುತ್ತಾರೆ. ಬಳಸಿದ ಸವೆತ ಗಾಜಿನಲ್ಲಿದ್ದು ಗೆರೆಯಲ್ಲಿ ಇಲ್ಲದಿದ್ದರೆ, ಅಲ್ಲಿಗೇ ಅನುಮಾನ ಶುರು.

ನಮಸ್ಕಾರ.