ಎರಡು ನದಿಗಳ ಬೆಟ್ಟ

ಕೇಳುಗರೆಲ್ಲರಿಗೂ ನಮಸ್ಕಾರ.

ತುಮಕೂರಿನಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರ್ ಹೋದರೆ ದೇವರಾಯನದುರ್ಗ ಸಿಗುತ್ತದೆ. ನರಸಿಂಹಸ್ವಾಮಿಗೆ ಕೈಮುಗಿದು, ನಾಮದ ಚಿಲುಮೆಯ ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡು, ಸಂಜೆಗೆ ಮನೆ ಸೇರಿದವರು ನಿಮ್ಮಲ್ಲಿ ಬಹಳ ಮಂದಿ ಇರಬಹುದು. ಬೆಟ್ಟದ ಹಿಂಬದಿಗೆ ಇಳಿಯುವ ಕಣಿವೆಯನ್ನೂ ಅದರ ಬುಡದ ಹಳ್ಳಿಗಳನ್ನೂ ನಿಂತು ನೋಡಿದವರು ಅಷ್ಟು ಮಂದಿ ಇಲ್ಲ. ಇವತ್ತು ನಾನು ಹೇಳಹೊರಟಿರುವುದು ಆ ಕಣಿವೆಯ ಮಾತು.

ಈ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಇಲ್ಲಿ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಒಂದು ಮಗ್ಗುಲಲ್ಲಿ ಇಳಿದ ನೀರು ಜಯಮಂಗಲಿಯಾಗಿ ಕೊರಟಗೆರೆ, ಮಧುಗಿರಿ ಸೀಮೆಯನ್ನು ಹಾದು, ಹಿಂದೂಪುರದ ಕಡೆ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇನ್ನೊಂದು ಮಗ್ಗುಲಿನದು ಶಿಂಷೆ. ಅದು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನೂ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನೂ ತುಂಬಿಸಿ, ಮದ್ದೂರನ್ನು ದಾಟಿ, ಕಾವೇರಿಯಲ್ಲಿ ಬೆರೆಯುತ್ತದೆ. ಒಂದೇ ಬಂಡೆಯ ಮೇಲೆ ಅಕ್ಕಪಕ್ಕದಲ್ಲಿ ಬಿದ್ದ ಎರಡು ಹನಿಗಳಲ್ಲಿ ಒಂದು ನೆಲ್ಲೂರಿನ ಹತ್ತಿರ, ಇನ್ನೊಂದು ಪೂಂಪುಹಾರದ ಹತ್ತಿರ ಬಂಗಾಳ ಕೊಲ್ಲಿಯನ್ನು ಸೇರಬಹುದು. ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಬಯಲುಸೀಮೆಯ ಜಿಲ್ಲೆಯೊಂದು ಎರಡು ನದಿಗಳಿಗೆ ತವರಾಗಿದೆ ಎಂಬುದು ನನಗೆ ಇವತ್ತಿಗೂ ದೊಡ್ಡ ಸಂಗತಿ.

ಊರ ಹಿರಿಯರು ಕಾಲವನ್ನು ಅಳೆಯುವುದು ಮಳೆ ನಕ್ಷತ್ರಗಳಲ್ಲಿ. ಅಶ್ವಿನಿ, ಭರಣಿಯಲ್ಲಿ ನಾಲ್ಕು ಹದ ಮಳೆ ಬಿದ್ದರೆ ನೇಗಿಲಿಗೋ ಟ್ರ್ಯಾಕ್ಟರಿಗೋ ಕೆಲಸ. ಆ ಹೊತ್ತಿಗೆ ಕಾಡಿನಲ್ಲಿ ಜಾಲಾರಿ ಬೀಜ ಉದುರುತ್ತಿರುತ್ತದೆ. ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಕಡಲೆಕಾಳಿನಷ್ಟು ಕಾಯಿ, ಅದಕ್ಕೆ ಕಾಗದದಷ್ಟು ತೆಳುವಾದ ಐದು ರೆಕ್ಕೆ: ಮೂರು ಉದ್ದ, ಎರಡು ಗಿಡ್ಡ. ಮಳೆಗೆ ಮುಂಚಿನ ಗಾಳಿ ಬೀಸಿದಾಗ ಇವು ಗಿರಗಿರನೆ ತಿರುಗುತ್ತ ಇಳಿಯುತ್ತವೆ. ಕೆಳಗೆ ಒದ್ದೆ ತರಗೆಲೆ ಸಿಕ್ಕರೆ ಕೆಲವೇ ದಿನಗಳಲ್ಲಿ ಮೊಳಕೆ, ಒಣಬಂಡೆ ಸಿಕ್ಕರೆ ಅಲ್ಲಿಗೆ ಮುಗಿಯಿತು.

ಆಷಾಢ ಕಳೆಯುವ ಹೊತ್ತಿಗೆ ಕಣಿವೆಯ ಹೊಲಗಳಲ್ಲಿ ರಾಗಿ ಬಿತ್ತನೆ. ಬರೀ ರಾಗಿಯಲ್ಲ, ನಡುನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು, ಬದುವಿನ ಗುಂಟ ಹರಳು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಮಳೆಯ ಮೇಲೆ ಭಾರ ಹಾಕಿ ಬದುಕುವ ಸೀಮೆಯಲ್ಲಿ ಇದಕ್ಕಿಂತ ಜಾಣ ಬೇಸಾಯವನ್ನು ನಾನು ಕಂಡಿಲ್ಲ. ಈ ಭಾಗದ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ‘ಕುರುಡು ಚಿತ್ತೆ ಎರಚಿದತ್ತ ಬೆಳೆ’ ಎನ್ನುತ್ತಾರಲ್ಲ, ಅದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಬೆಟ್ಟದ ಈಚೆ ಜಡಿಮಳೆ, ಆಚೆಯ ಹಳ್ಳಿಯಲ್ಲಿ ಕಣದ ಧೂಳೂ ಅಡಗಿರುವುದಿಲ್ಲ. ಸ್ವಾತಿ ಕಳೆದು ಹುಚ್ಚೆಳ್ಳು ಹೂ ಬಿಟ್ಟಾಗ ಬಂಡೆಗಳ ನಡುವಿನ ಹೊಲಗಳೆಲ್ಲ ಹಳದಿಯಾಗುತ್ತವೆ. ಬೆಳಗಿನ ಜಾವ ಮಂಜು ಕಣಿವೆಯ ತಳದಲ್ಲೇ ನಿಂತು, ಒಂಬತ್ತು ಗಂಟೆಯಾದರೂ ಕದಲದ ದಿನಗಳುಂಟು. ಆ ಇಬ್ಬನಿಗೇ ಅವರೆಗೆ ಸೊಗಡು ಬರುವುದು. ಧನುರ್ಮಾಸದಲ್ಲಿ ಇಲ್ಲಿನ ಯಾವ ಮನೆಗೆ ಹೋದರೂ ಮುದ್ದೆಯ ಜೊತೆ ಹಿತಕಿದ ಅವರೆಬೇಳೆಯ ಸಾರು, ಬಂದವರನ್ನು ಉಣ್ಣದೆ ಕಳಿಸುವ ಮಾತೇ ಇಲ್ಲ.

ಕಾಡಿನಂಚಿನ ಬದುಕು ಸುಲಭದ್ದಲ್ಲ. ರಾಗಿ ತೆನೆ ಕಟ್ಟಿದ ಮೇಲೆ ಹಂದಿಗಳ ಕಾಟ, ಹಲಸು ಹಣ್ಣಾದರೆ ಕರಡಿ, ದನದ ಕೊಟ್ಟಿಗೆಗೆ ಚಿರತೆಯ ಭಯ. ಅಟ್ಟಣೆಯ ಮೇಲೆ ಕಂಬಳಿ ಹೊದ್ದು ರಾತ್ರಿಯಿಡೀ ಕೂಗು ಹಾಕುವ ರೈತನಿಗೆ ಕಾಡಿನ ಸೊಬಗನ್ನು ವರ್ಣಿಸಲು ನನಗೆ ಬಾಯಿ ಬರುವುದಿಲ್ಲ. ಆದರೂ ಅವರಲ್ಲೇ ಒಬ್ಬರು ಕಾಲುದಾರಿಯ ಪಕ್ಕದಲ್ಲಿ ಕರಡಿಯ ಲದ್ದಿಯನ್ನು ಕಡ್ಡಿಯಿಂದ ಕೆದಕಿ ತೋರಿಸಿದ್ದರು. ಅದರ ತುಂಬ ಹೊಳೆಯುವ ಕಂದು ಬಣ್ಣದ ಕಕ್ಕೆ ಬೀಜಗಳು. “ನೋಡಿ ಸ್ವಾಮಿ, ಈ ಗುಡ್ಡದ ಕಕ್ಕೆ ಮರಗಳನ್ನೆಲ್ಲ ಬಿತ್ತಿದವನು ಇವನೇ” ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ.

ಈ ಬಂಡೆಗಳ ಸಂದಿಯಲ್ಲಿ ಇನ್ನೊಂದು ಜೀವವಿದೆ: ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಕಾಣದ ಹಕ್ಕಿ ಅದು. ಅಳಿವಿನ ಅಪಾಯಕ್ಕೆ ಸಿಕ್ಕ ಹಕ್ಕಿಗಳ ಪಟ್ಟಿಯಲ್ಲೂ ಇದೆ. ನಂದಿಬೆಟ್ಟದಲ್ಲಿ ಉಂಟು, ಇಲ್ಲಿ ಉಂಟು. ದೂರದೂರುಗಳಿಂದ ಇದನ್ನೇ ಹುಡುಕಿಕೊಂಡು ಬರುವವರಿದ್ದಾರೆ. ನಮ್ಮ ಜಿಲ್ಲೆಯ ಶಾಲಾ ಮಕ್ಕಳಿಗೂ ಒಮ್ಮೆಯಾದರೂ ಇದನ್ನು ತೋರಿಸಬೇಕೆಂಬುದು ನನ್ನ ಆಸೆ.

ಈಗ ನೀರಿನ ಮಾತಿಗೆ ಬರುತ್ತೇನೆ. ನಾಮದ ಚಿಲುಮೆಯಲ್ಲಿ ಬಂಡೆಯೊಳಗೆ ಒಂದು ಸಣ್ಣ ಗುಳಿ, ಅದರಲ್ಲಿ ತಿಳಿನೀರು. ಹಣೆಗೆ ನಾಮ ಇಡಲು ನೀರಿಲ್ಲದೆ ಶ್ರೀರಾಮ ಬಾಣ ಬಿಟ್ಟು ಚಿಮ್ಮಿಸಿದ ನೀರೆಂದು ಜನ ನಂಬುತ್ತಾರೆ. ಇದೇ ಬೆಟ್ಟದ ನೀರು ಕೆಳಗಿನ ಬಯಲಿನಲ್ಲಿ ಇನ್ನೊಂದು ರೂಪದಲ್ಲಿ ಹೊರಬರುತ್ತಿತ್ತು. ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಸೀಮೆಯವರಿಗೆ ತಲಪರಿಗೆ ಗೊತ್ತು. ಕೆರೆಯಂಗಳದಲ್ಲೋ ಹೊಳೆಯ ಮರಳಿನಲ್ಲೋ ಊಟೆ, ಅಂದರೆ ನೆಲದಡಿಯ ನೀರಿನ ಬುಗ್ಗೆ, ಏಳುವ ಜಾಗವನ್ನು ಗುರುತಿಸಿ, ಅಗೆದು, ಅಂಚಿಗೆ ಕಲ್ಲು ಕಟ್ಟಿ, ಅಲ್ಲಿಂದ ಕಾಲುವೆ ತೆಗೆದು ಗದ್ದೆಗೆ ನೀರು ಹಾಯಿಸುವ ಏರ್ಪಾಡು. ಎತ್ತುವ ಯಂತ್ರ ಬೇಡ, ಕರೆಂಟು ಬೇಡ. ಕೆರೆ ಬತ್ತಿದ ಮೇಲೂ ದನಕರುಗಳಿಗೆ, ಬೆಳೆಗೆ, ಮನೆಗೆ ಅದೇ ಆಸರೆ. ಊರವರು ಕೂಡಿ ಹೂಳೆತ್ತುತ್ತಿದ್ದರು, ನೀರುಗಂಟಿ ಸರದಿಯಂತೆ ಹಂಚುತ್ತಿದ್ದ, ಗಂಗೆಪೂಜೆ ಮಾಡುತ್ತಿದ್ದರು. ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ಊಟೆಗಳು ಒಂದೊಂದಾಗಿ ಸತ್ತವು. ಉಳಿದಿರುವ ಕೆಲವು ತಲಪರಿಗೆಗಳ ಹೂಳನ್ನು ಇವತ್ತೂ ತೆಗೆಯುತ್ತಿರುವ ಊರುಗಳಿವೆ. ಅವರಿಗೆ ನಾನು ಈ ಬಾನುಲಿಯ ಮೂಲಕ ಕೈಮುಗಿಯುತ್ತೇನೆ.

ಊಟೆಗೆ ನೀರು ಎಲ್ಲಿಂದ ಬರಬೇಕು? ಬೆಟ್ಟದ ಮೇಲಿರುವುದು ಗಟ್ಟಿ ಬಂಡೆ, ಅದರ ಮೇಲೆ ಗೇಣುದ್ದದ ಮಣ್ಣು. ಮಣ್ಣಿನ ಮೇಲೆ ತರಗೆಲೆಯ ಹಾಸು ಇದ್ದರೆ ಮಳೆ ಅದರಲ್ಲಿ ಇಂಗಿ, ಬಂಡೆಯ ಬಿರುಕಿಗೆ ಇಳಿದು, ತಿಂಗಳುಗಟ್ಟಲೆ ನಿಧಾನವಾಗಿ ಜಿನುಗುತ್ತದೆ. ಹಾಸು ಇಲ್ಲದಿದ್ದರೆ ಒಂದು ಗಂಟೆಯಲ್ಲಿ ಕೆಂಪು ನೀರಾಗಿ ಕೊಚ್ಚಿಕೊಂಡು ಹೋಗುತ್ತದೆ. ಹಾಸನ್ನು ಕೊಲ್ಲುವುದು ಬೇಸಿಗೆಯ ಬೆಂಕಿ.

ಮಾಘ ಕಳೆದು ಫಾಲ್ಗುಣ ಬರುವಾಗ ಈ ಕಾಡು ಎಲೆ ಉದುರಿಸಿ ನಿಲ್ಲುತ್ತದೆ. ಬಾದೆಹುಲ್ಲು ಆಳೆತ್ತರಕ್ಕೆ ಒಣಗಿರುತ್ತದೆ. ಅದೇ ಸಮಯಕ್ಕೆ ಜಾಲಾರಿ ಮರ ಹೂ ಬಿಡುತ್ತದೆ. ಕೆನೆಬಣ್ಣದ ಗೊಂಚಲು, ಗಾಳಿಯ ತುಂಬ ಪರಿಮಳ, ಮರದ ಕೆಳಗೆ ನಿಂತರೆ ಜೇನಿನ ಝೇಂಕಾರ. ಈ ಜಿಲ್ಲೆಯಲ್ಲಿ ಇದಕ್ಕಿಂತ ಚೆಲುವಾದ ಹದಿನೈದು ದಿನಗಳಿಲ್ಲ ಎಂದೇ ನನ್ನ ಎಣಿಕೆ. ಹೊಸ ಹುಲ್ಲು ಬರಲೆಂದು ಯಾರೋ ಗೀರುವ ಕಡ್ಡಿ, ಪ್ರವಾಸಿಯೊಬ್ಬ ಎಸೆದ ಬೀಡಿತುಂಡು ಆಗಲೇ ಗುಡ್ಡಕ್ಕೆ ಗುಡ್ಡವನ್ನೇ ಸುಡುತ್ತದೆ. ಅರಣ್ಯ ಇಲಾಖೆಯ ವಾಚರುಗಳು ಹಸಿ ಸೊಪ್ಪಿನ ಕೊಂಬೆ ಹಿಡಿದು, ಬೆಂಕಿಯ ಮುಂದೆ ಮುಖ ಸುಟ್ಟುಕೊಂಡು ಬಡಿಯುತ್ತಾರೆ. ಇಳಿಜಾರು ಬಂಡೆಯ ಮೇಲೆ ನೀರಿನ ವಾಹನ ಹತ್ತುವುದಿಲ್ಲ, ಅವರ ತೋಳೇ ಗತಿ.

ಫಾಲ್ಗುಣದಲ್ಲಿಯೇ ಭೋಗನರಸಿಂಹಸ್ವಾಮಿಯ ತೇರು. ಸುತ್ತಣ ಊರುಗಳಿಂದ ಸಾವಿರಾರು ಜನ ಬರುತ್ತಾರೆ. ಬರುವವರಲ್ಲಿ ನನ್ನದೊಂದು ಬೇಡಿಕೆ. ಕಾಡಿನ ಬದಿಯಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಬೇಡಿ, ಅನ್ನವನ್ನು ಮನೆಯಿಂದಲೇ ಕಟ್ಟಿಕೊಂಡು ಬನ್ನಿ. ಬೀಡಿ, ಸಿಗರೇಟು, ಕಡ್ಡಿಪೆಟ್ಟಿಗೆ ಜೇಬಿನಲ್ಲಿ ಬೇಡ. ಗುಡ್ಡದ ಮೇಲೆ ಹೊಗೆ ಕಂಡರೆ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಲ್ಲದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಯಾವ ಮಗ್ಗುಲು, ಯಾವ ಊರಿನ ದಿಕ್ಕು ಎಂಬುದನ್ನು ಸರಿಯಾಗಿ ಹೇಳಿ. ನಮಸ್ಕಾರ.