ಹೆಸರು ಬಿಡಿ, ನಂಬರ್ ಹಿಡಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕುಡಿದು ಗಾಡಿ ಓಡಿಸಿದ ಕೇಸಿನ ದಾಖಲೆ ಎಲ್ಲಿ ಸಿಗುತ್ತದೆ, ಹೇಗೆ ತೆಗೆಯಬೇಕು ಅನ್ನುವುದು ಈ ಹೊತ್ತಿನ ವಿಷಯ. ಇದನ್ನು ಕೇಳಬೇಕಾದವರು ಮೂರು ಥರದ ಜನ. ಮನೆಯವರೊಬ್ಬರಿಗೆ ಕುಡಿದವನ ಗಾಡಿ ಗುದ್ದಿ ಆಸ್ಪತ್ರೆ, ಸ್ಟೇಷನ್ನು, ಕೋರ್ಟು ಅಂತ ಅಲೆಯುತ್ತಿರುವವರು. ಸ್ಕೂಲ್ ವ್ಯಾನಿಗೋ ಸ್ವಂತ ಟಿಟಿಗೋ, ಅಂದರೆ ಟೆಂಪೊ ಟ್ರಾವೆಲರಿಗೋ, ಡ್ರೈವರ್ ಇಟ್ಟುಕೊಳ್ಳಬೇಕೆಂದಿರುವವರು. ಮತ್ತೆ, ತಮ್ಮ ಮೇಲೇ ಕೇಸಿದ್ದು ಅದು ಯಾವ ಕೋರ್ಟಿನಲ್ಲಿದೆ ಅಂತ ತಿಳಿಯದೆ ಕೂತವರು. ಮೂವರಿಗೂ ಒಂದೇ ಮಾತು. ಹೆಸರು ಬಿಡಿ, ನಂಬರ್ ಹಿಡಿಯಿರಿ. ಪೆನ್ನು, ಕಾಗದ ಹತ್ತಿರ ಇದ್ದರೆ ಇದನ್ನೇ ಮೊದಲು ಬರೆದುಕೊಳ್ಳಿ.

ಮೊದಲು ಕಾನೂನು, ಎರಡೇ ನಿಮಿಷ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದೆ ಅಂತ ಊದಿಸುವ ಯಂತ್ರ ತೋರಿಸಿದರೆ ಅದು ಅಪರಾಧ. ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ, ಇಲ್ಲವೇ ಎರಡೂ. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ದಂಡ ಕಟ್ಟಿ ರಸೀದಿ ತೆಗೆದುಕೊಂಡು ಹೋಗಬಹುದು. ಆದರೆ ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಮುಗಿಸಬಹುದಾದ ಅಪರಾಧಗಳ ಪಟ್ಟಿ 200ನೇ ಸೆಕ್ಷನ್‌ನಲ್ಲಿದೆ, ಅದರಲ್ಲಿ 185 ಇಲ್ಲ. ಶಿಕ್ಷೆ ಏನು ಅಂತ ಹೇಳಬೇಕಾದವರು ಮ್ಯಾಜಿಸ್ಟ್ರೇಟರೇ.

ಇದರ ಅರ್ಥ, ದಾಖಲೆ ಇರುವುದು ಕೋರ್ಟಿನಲ್ಲಿ. ಮೊಬೈಲಿನಲ್ಲಿ ಗಾಡಿ ನಂಬರ್ ಹಾಕಿ ಟ್ರಾಫಿಕ್ ದಂಡ ಎಷ್ಟು ಬಾಕಿ ಅಂತ ನೋಡುತ್ತೀರಲ್ಲ, ಅಲ್ಲಿ ಏನೂ ಕಾಣಿಸಲಿಲ್ಲ ಅಂದಮಾತ್ರಕ್ಕೆ ಕುಡಿದು ಓಡಿಸಿದ ಕೇಸು ಇಲ್ಲ ಅಂದುಕೊಳ್ಳಬೇಡಿ. ಅದು ದಂಡದ ಲೆಕ್ಕ, ಕೋರ್ಟಿನ ಲೆಕ್ಕ ಬೇರೆ.

ಕೇಸಿನಲ್ಲಿ ಎರಡು ಜಾತಿ. ಒಂದು, ನಾಕಾಬಂದಿಯಲ್ಲಿ ನಿಲ್ಲಿಸಿ ಊದಿಸಿದಾಗ ಸಿಕ್ಕಿದ್ದು. ಯಾರಿಗೂ ಪೆಟ್ಟಾಗಿಲ್ಲ. ಇಂಥದ್ದು ಸಾಮಾನ್ಯವಾಗಿ ಬೇರೆ ಎಫ್‌ಐಆರ್ ಇಲ್ಲದೆ ನೇರವಾಗಿ ಕೋರ್ಟಿಗೆ ಹೋಗುತ್ತದೆ. ಡ್ರೈವರ್ ಕೈಯಲ್ಲಿ ಉಳಿಯುವುದು ಒಂದು ನೋಟಿಸು, ಯಂತ್ರದಿಂದ ಬಂದ ಸಣ್ಣ ಚೀಟಿ. ಆ ಚೀಟಿಯ ಮೇಲೆ ಸಮಯ, ತಾರೀಖು, ಎಷ್ಟು ಮಿಲಿಗ್ರಾಂ ಅನ್ನುವುದು ಇರುತ್ತದೆ. ಬಸ್ ಟಿಕೆಟ್ ಥರದ ಕಾಗದ ಅದು, ಕೆಲವು ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಸಿಕ್ಕಿದ ದಿನವೇ ಫೋಟೊ ತೆಗೆದಿಡಿ.

ಎರಡನೆಯದು, ಅಪಘಾತ ಆದದ್ದು. ಇಲ್ಲಿ ಎಫ್‌ಐಆರ್ ಇರಲೇಬೇಕು. 2024ರ ಜುಲೈ 1ರಿಂದ ಈಚಿನದಾದರೆ ಭಾರತೀಯ ನ್ಯಾಯ ಸಂಹಿತೆಯ 281, ಗಾಯವಾಗಿದ್ದರೆ 125, ಸಾವಾಗಿದ್ದರೆ 106, ಅದರ ಜೊತೆಗೆ ಮೋಟಾರು ವಾಹನ ಕಾಯ್ದೆಯ 185. ಅದಕ್ಕಿಂತ ಹಿಂದಿನದಾದರೆ ಹಳೇ ಐಪಿಸಿಯ 279, 337, 338, 304ಎ. ಎಫ್‌ಐಆರ್ ಮೇಲೆ ಸ್ಟೇಷನ್ ಹೆಸರು, ಒಂದು ನಂಬರ್, ಓರೆಗೆರೆ ಹಾಕಿ ವರ್ಷ. ಕೆಲವು ಕಡೆ ಕ್ರೈಂ ನಂಬರ್ ಅನ್ನುತ್ತಾರೆ, ಕೆಲವು ಕಡೆ ಗುನ್ನೆ ನಂಬರ್. ಹೆಸರು ಯಾವುದಾದರೂ ಇರಲಿ, ನಿಮಗೆ ಬೇಕಾದ ನಂಬರ್ ಅದೇ. ದೂರು ಕೊಟ್ಟವರಿಗೆ ಅದರ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ತೆಗೆದುಕೊಳ್ಳಿ.

ಬಂಧನದ ದಾಖಲೆ ಬೇಕಾದವರಿಗೆ ಒಂದು ಮಾತು. ಯಾರನ್ನು ಬಂಧಿಸಿದ್ದಾರೆ, ವಿಳಾಸ ಏನು, ಅಪರಾಧ ಯಾವುದು ಅನ್ನುವ ವಿವರವನ್ನು ಪ್ರತಿ ಪೊಲೀಸ್ ಸ್ಟೇಷನ್ನಿನಲ್ಲೂ, ಜಿಲ್ಲಾ ಕೇಂದ್ರದಲ್ಲೂ ಎದ್ದುಕಾಣುವಂತೆ ಹಾಕಬೇಕು. ಅದಕ್ಕೆಂದೇ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಇರಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಸೆಕ್ಷನ್ ಇದು. ಸ್ಟೇಷನ್ನಿಗೆ ಹೋಗಿ ಆ ಅಧಿಕಾರಿ ಯಾರು ಅಂತ ಕೇಳಿ. ಕುಡಿದು ಓಡಿಸಿದ್ದಕ್ಕೆ ಬಂಧಿಸಿದವರನ್ನು 2 ಗಂಟೆಯೊಳಗೆ ವೈದ್ಯರ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲದಿದ್ದರೆ ಬಿಟ್ಟು ಕಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 202ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಬಂಧನದ ಮೆಮೊದಲ್ಲಿ ಬರೆದ ಸಮಯ, ವೈದ್ಯರ ಸರ್ಟಿಫಿಕೇಟಿನಲ್ಲಿ ಬರೆದ ಸಮಯ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ವಕೀಲರು ಮೊದಲು ನೋಡುವುದೇ ಅದನ್ನು.

ಈಗ ಹೆಸರು ಯಾಕೆ ಬಿಡಬೇಕು ಅನ್ನುವುದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಾಸನದ ಕಡೆಯ ಒಬ್ಬ ಟಿಟಿ ಮಾಲೀಕರು. ಧರ್ಮಸ್ಥಳ, ಹೊರನಾಡು, ಶೃಂಗೇರಿ ಅಂತ ಬಾಡಿಗೆ ಓಡಿಸುವವರು. ಘಾಟಿ ರಸ್ತೆ, ಗಾಡಿ ತುಂಬ ವಯಸ್ಸಾದವರು, ಮಕ್ಕಳು. ಡ್ರೈವರ್ ವಿಷಯದಲ್ಲಿ ಅವರು ಬಿಗಿ, ಬಿಗಿಯಾಗಿರಲೂ ಬೇಕು. ಕೆಲಸ ಕೇಳಿಕೊಂಡು ಒಬ್ಬ ಹುಡುಗ ಬಂದ, 29 ವರ್ಷ. ಹೆಸರು ಮಂಜುನಾಥ ಅಂತಲೇ ಇಟ್ಟುಕೊಳ್ಳಿ. ಓಡಿಸಿ ತೋರಿಸು ಅಂದರೆ ಚೆನ್ನಾಗಿಯೇ ಓಡಿಸಿದ. ಆದರೆ ಸ್ಟ್ಯಾಂಡಿನಲ್ಲಿ ಯಾರೋ ಕಿವಿ ಕಚ್ಚಿದರು: "ಅವನ ಮೇಲೆ ಬೆಂಗಳೂರಲ್ಲಿ ಕುಡಿದು ಓಡಿಸಿದ ಕೇಸಿದೆ ಅಣ್ಣ."

ಮಾಲೀಕರ ಮಗ ಫೋನಿನಲ್ಲಿ ಇ-ಕೋರ್ಟ್ಸ್ ತೆರೆದ, ಕೋರ್ಟಿನ ಕೇಸು ಹುಡುಕುವ ತಾಣ ಅದು. ಬೆಂಗಳೂರು ಆರಿಸಿದ, ಪಾರ್ಟಿ ನೇಮ್ ಅನ್ನುವ ಜಾಗದಲ್ಲಿ ಮಂಜುನಾಥ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ, ವರ್ಷ 2022 ಹಾಕಿದ. ಬಂತು ನೋಡಿ ಪಟ್ಟಿ, ಎಷ್ಟು ಎಳೆದರೂ ಮುಗಿಯದ್ದು. ಸ್ಟೇಟ್ ಬೈ ಇಂಥ ಟ್ರಾಫಿಕ್ ಪಿ.ಎಸ್. ವರ್ಸಸ್ ಮಂಜುನಾಥ. ಒಂದನ್ನು ಒತ್ತಿದ, 185 ಅಂತ ಸೆಕ್ಷನ್ ಕಂಡಿತು. ಸಿಕ್ಕಿಬಿಟ್ಟ ಅಂದುಕೊಂಡರು, ಹುಡುಗನಿಗೆ ಕೆಲಸ ಇಲ್ಲ ಅಂದರು. ಅವನು ಜಗಳ ಮಾಡಲಿಲ್ಲ. "ಅಣ್ಣಾ, ಆ ವರ್ಷ ನಾನು ಊರು ಬಿಟ್ಟು ಹೋಗೇ ಇಲ್ಲ. ಕೇಸಿನ ಕಾಗದ ತರಿಸಿ ನೋಡಿ" ಅಂದ.

ಆ ಮಾಲೀಕರು ಮಾಡಿದ ಒಳ್ಳೆಯ ಕೆಲಸ ಅಂದರೆ ಕಾಗದ ತರಿಸಿದ್ದು. ಪರದೆಯ ಮೇಲಿದ್ದ ಕೇಸ್ ನಂಬರ್ ಹಿಡಿದು, ಬೆಂಗಳೂರಿನ ವಕೀಲರೊಬ್ಬರ ಮೂಲಕ ಆ ಕೋರ್ಟಿನಲ್ಲಿ ನಕಲಿಗೆ ಅರ್ಜಿ ಹಾಕಿಸಿದರು. ಚಾರ್ಜ್‌ಶೀಟಿನ ನಕಲು ಬಂತು. ಆರೋಪಿಯ ವಯಸ್ಸು 51. ತಂದೆಯ ಹೆಸರು ಬೇರೆ. ಗಾಡಿ ಸ್ಕೂಟರು. ಲೈಸೆನ್ಸ್ ನಂಬರ್ ಶುರುವಾಗುವುದು ಕೆಎ 05ರಿಂದ, ಅದು ಜಯನಗರ ಆರ್‌ಟಿಒ. ಹುಡುಗನದು ಕೆಎ 13, ಹಾಸನದ್ದು. ಆ ಮಂಜುನಾಥನಿಗೂ ಈ ಮಂಜುನಾಥನಿಗೂ ಹೆಸರೊಂದನ್ನು ಬಿಟ್ಟು ಏನೇನೂ ಸಂಬಂಧವಿಲ್ಲ. ಅಷ್ಟರಲ್ಲಿ ಒಂದು ಸೀಸನ್ನಿನ ದುಡಿಮೆ ಹುಡುಗನ ಕೈತಪ್ಪಿಹೋಗಿತ್ತು. ಸ್ಟ್ಯಾಂಡಿನಲ್ಲಿ ಕುಡುಕ ಅನ್ನುವ ಹೆಸರೂ ಅಂಟಿತ್ತು.

ಇ-ಕೋರ್ಟ್ಸ್ ಪಟ್ಟಿಯಲ್ಲಿ ಹೆಸರು ಮಾತ್ರ ಇರುತ್ತದೆ, ವಯಸ್ಸು ಇರುವುದಿಲ್ಲ, ಲೈಸೆನ್ಸ್ ನಂಬರ್ ಇರುವುದಿಲ್ಲ. ಅವೆಲ್ಲ ಇರುವುದು ಚಾರ್ಜ್‌ಶೀಟಿನಲ್ಲಿ. ಇನ್ನೊಂದು ತೊಂದರೆ ಇದಕ್ಕೆ ತದ್ವಿರುದ್ಧ. ನಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬ ಬರಹಗಾರರು ಒಂದೊಂದು ಥರ ಬರೆಯುತ್ತಾರೆ. ಕೊನೆಗೆ ಎ ಸೇರಿಸಿ, ಬಿಟ್ಟು, ಇನಿಷಿಯಲ್ ಹಿಂದೆ ಹಾಕಿ, ಮುಂದೆ ಹಾಕಿ, ಬರೀ ಮಂಜು ಅಂತಲೂ. ನೀವು ಹೊಡೆದ ಹಾಗೆ ಅವರು ಬರೆದಿರದಿದ್ದರೆ ನಿಜವಾದ ಕೇಸೂ ಸಿಗುವುದಿಲ್ಲ. ಇದ್ದವನು ತಪ್ಪಿಸಿಕೊಳ್ಳುತ್ತಾನೆ, ಇಲ್ಲದವನು ಸಿಕ್ಕಿಬೀಳುತ್ತಾನೆ. ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ, ಹೆಸರು ಬಿಡಿ, ನಂಬರ್ ಹಿಡಿಯಿರಿ.

ಸರಿ, ನಂಬರ್ ಸಿಕ್ಕಿತು. ಮುಂದೆ? ವಿಳಾಸ ಬರೆದುಕೊಳ್ಳಿ: ಸರ್ವಿಸಸ್ ಡಾಟ್ ಇಕೋರ್ಟ್ಸ್ ಡಾಟ್ ಜಿಒವಿ ಡಾಟ್ ಇನ್. ಇದು ಸರ್ಕಾರಿ ತಾಣ, ಒಂದು ಪೈಸೆ ಕೊಡಬೇಕಾಗಿಲ್ಲ. ದುಡ್ಡು ಕೇಳುವ ಬೇರೆ ತಾಣಗಳ ಗೊಡವೆ ನಿಮಗೆ ಬೇಡ. ಇ-ಕೋರ್ಟ್ಸ್ ಸರ್ವಿಸಸ್ ಅನ್ನುವ ಆ್ಯಪ್ ಕೂಡ ಇದೆ. ಸಿಎನ್‌ಆರ್ ನಂಬರ್, ಅಂದರೆ ಪ್ರತಿ ಕೇಸಿಗೂ ಬೇರೆ ಬೇರೆಯಾಗಿ ಕೊಡುವ ಗುರುತಿನ ನಂಬರ್, ಇದ್ದರೆ ಅರ್ಧ ನಿಮಿಷದ ಕೆಲಸ. ಅಕ್ಷರ, ಅಂಕಿ ಸೇರಿ 16 ಇರುತ್ತವೆ. ನಮ್ಮ ರಾಜ್ಯದ್ದು ಕೆಎ ಅಂತ ಶುರುವಾಗಿ ಕೊನೆಯ ನಾಲ್ಕು ಅಂಕಿ ವರ್ಷ. ನಡುವೆ ಜಾಗ ಬಿಡದೆ, ಅಡ್ಡಗೆರೆ ಹಾಕದೆ ಹೊಡೆಯಿರಿ.

ಸಿಎನ್‌ಆರ್ ಇಲ್ಲದಿದ್ದರೆ ಕೇಸ್ ಸ್ಟೇಟಸ್ ಒತ್ತಿ, ರಾಜ್ಯ, ಜಿಲ್ಲೆ, ಕೋರ್ಟ್ ಸಮುಚ್ಚಯ ಆರಿಸಿ. ಬೆಂಗಳೂರು ನಗರ ಬೇರೆ, ಬೆಂಗಳೂರು ಗ್ರಾಮಾಂತರ ಬೇರೆ. ಆಮೇಲೆ ಎಫ್‌ಐಆರ್ ನಂಬರ್ ಅನ್ನುವ ಭಾಗಕ್ಕೆ ಹೋಗಿ ಸ್ಟೇಷನ್, ನಂಬರ್, ವರ್ಷ ಕೊಡಿ. ಇಲ್ಲಿ ಜನ ಎಡವುವುದು ಎರಡು ಕಡೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಅಪಘಾತದ ಕೇಸು ಸಂಚಾರ ಠಾಣೆಯಲ್ಲಿರುತ್ತದೆ. ಮನೆ ಹತ್ತಿರದ ಠಾಣೆ ಆರಿಸಿದರೆ ಏನೂ ಬರುವುದಿಲ್ಲ. ಇನ್ನೊಂದು, ಪೆಂಡಿಂಗ್, ಡಿಸ್ಪೋಸ್ಡ್, ಬೋತ್ ಅಂತ ಮೂರು ಗುಂಡಿ ಇರುತ್ತವೆ. ಬೋತ್ ಒತ್ತಿ. ತಪ್ಪೊಪ್ಪಿಕೊಂಡು ದಂಡ ಕಟ್ಟಿದ ಕೇಸು ಪೆಂಡಿಂಗ್ ಪಟ್ಟಿಯಲ್ಲಿ ಹೇಗೆ ಸಿಗುತ್ತದೆ?

ವರ್ಷದ ಬಗ್ಗೆಯೂ ಹುಷಾರು. ಮೊದಲ ಸಲದ, ಬರೀ 185ರ ಕೇಸನ್ನು ಪೊಲೀಸರು ಒಂದು ವರ್ಷದೊಳಗೆ ಕೋರ್ಟಿಗೆ ಹಾಕಬೇಕು, ಅಂದರೆ ಒಂದು ವರ್ಷದವರೆಗೂ ಸಮಯವಿದೆ. ಡಿಸೆಂಬರ್ 31ರ ರಾತ್ರಿ ಸಿಕ್ಕಿಬಿದ್ದವನ ಕೇಸು ಕೋರ್ಟಿನ ಪುಸ್ತಕದಲ್ಲಿ ಮುಂದಿನ ವರ್ಷದ ನಂಬರಿನಲ್ಲಿರುತ್ತದೆ. ಆ ವರ್ಷ ಸಿಗದಿದ್ದರೆ ಮುಂದಿನ ವರ್ಷವನ್ನೂ ನೋಡಿ.

ಕೇಸ್ ತೆರೆದುಕೊಂಡ ಮೇಲೆ ಡಿಸ್ಪೋಸ್ಡ್ ಅಂತ ಕಂಡರೆ ಖುಲಾಸೆ ಆಯಿತು ಅಂತ ತಿಳಿಯಬೇಡಿ. ಡಿಸ್ಪೋಸ್ಡ್ ಅಂದರೆ ಕೇಸು ಮುಗಿದಿದೆ, ಅಷ್ಟೇ. ಹೇಗೆ ಮುಗಿಯಿತು ಅನ್ನುವುದು ಅದರ ಕೆಳಗೆ ನೇಚರ್ ಆಫ್ ಡಿಸ್ಪೋಸಲ್ ಅನ್ನುವ ಸಾಲಿನಲ್ಲಿದೆ. ತಪ್ಪೊಪ್ಪಿಕೊಂಡ, ಶಿಕ್ಷೆಯಾಯಿತು, ಬಿಡುಗಡೆಯಾಯಿತು, ಅಲ್ಲಿ ಗೊತ್ತಾಗುತ್ತದೆ. ವಿಚಾರಣೆಯ ತಾರೀಖುಗಳ ಪಟ್ಟಿಯಲ್ಲಿ ಒಂದೊಂದು ತಾರೀಖನ್ನೂ ಒತ್ತಿ ನೋಡಿ, ಆ ದಿನ ಕೋರ್ಟಿನಲ್ಲಿ ಏನಾಯಿತು ಅಂತ ಬರೆದಿರುತ್ತಾರೆ.

ಎಫ್‌ಐಆರ್ ಪ್ರತಿಯೇ ಬೇಕಾದರೆ ರಾಜ್ಯ ಪೊಲೀಸ್ ತಾಣ ಇದೆ: ಕೆಎಸ್‌ಪಿ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ, ನೆಟ್‌ವರ್ಕ್ ಇಲ್ಲದ ಕಡೆ 72 ಗಂಟೆಯೊಳಗೆ ತಾಣಕ್ಕೆ ಹಾಕಬೇಕು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲೂ ಕೇಳುವುದು ಜಿಲ್ಲೆ, ಸ್ಟೇಷನ್, ನಂಬರ್, ವರ್ಷವೇ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ವಿಮೆಗೋ ಪರಿಹಾರದ ಅರ್ಜಿಗೋ ಪರದೆಯ ಫೋಟೊ ನಡೆಯುವುದಿಲ್ಲ. ಕೋರ್ಟಿನ ನಕಲು ಶಾಖೆಯಿಂದ ಸರ್ಟಿಫೈಡ್ ಕಾಪಿ ಬೇಕು. ಕೇಸ್ ನಂಬರ್, ಯಾವ ಕಾಗದ, ಯಾವ ತಾರೀಖಿನದು ಅಂತ ಬಿಡಿಸಿ ಬರೆದು ಅರ್ಜಿ ಕೊಡಿ. ಬರೀ "ಎಲ್ಲ ದಾಖಲೆ" ಅಂತ ಬರೆದರೆ ವಾಪಸ್ಸು ಬರುತ್ತದೆ. ಕೇಸಿಗೆ ಸಂಬಂಧವಿಲ್ಲದವರು ಯಾಕೆ ಬೇಕು ಅಂತ ಪ್ರಮಾಣಪತ್ರ ಹಾಕಬೇಕಾಗುತ್ತದೆ, ಅದಕ್ಕೆ ವಕೀಲರನ್ನು ಹಿಡಿಯಿರಿ. ಕೋರ್ಟಿನ ಕಾಗದಕ್ಕೆ ಆರ್‌ಟಿಐ ಹಾಕಿ ತಿಂಗಳುಗಟ್ಟಲೆ ಕಾಯಬೇಡಿ. ನಕಲಿಗೆ ಕೋರ್ಟಿನದೇ ನಿಯಮ ಇದೆ, ಆ ದಾರಿಯಲ್ಲೇ ಬನ್ನಿ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಡ್ರೈವರ್ ಇಟ್ಟುಕೊಳ್ಳುವವರು ಅವರ ಲೈಸೆನ್ಸ್ ನಂಬರ್, ಹುಟ್ಟಿದ ತಾರೀಖು ಕೇಳಿ ತೆಗೆದುಕೊಂಡು ಲೈಸೆನ್ಸ್ ವಿವರ ನೋಡುವ ಸರ್ಕಾರಿ ತಾಣ ಪರಿವಾಹನ್ ಸಾರಥಿಯಲ್ಲಿ ಹಾಕಿ ನೋಡಿ, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಅಂತ ಗೊತ್ತಾಗುತ್ತದೆ. 185ರಲ್ಲಿ ಸಿಕ್ಕಿದವರ ಲೈಸೆನ್ಸನ್ನು ಪೊಲೀಸರು ಆರ್‌ಟಿಒಗೆ ಕಳಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ಜೊತೆಗೆ ರಾಜ್ಯ ಸರ್ಕಾರದ ಸೇವಾ ಸಿಂಧು ತಾಣದ ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ತರುವಂತೆ ಡ್ರೈವರಿಗೇ ಹೇಳಿ. ಸ್ಕೂಲ್ ವ್ಯಾನಿನವರು ಇದನ್ನು ಕೇಳದೆ ಯಾರನ್ನೂ ಇಟ್ಟುಕೊಳ್ಳಲೇಬಾರದು.

18 ತುಂಬದವರ ಕೇಸು ಬಾಲನ್ಯಾಯ ಮಂಡಳಿಯಲ್ಲಿರುತ್ತದೆ, ಅದನ್ನು ಹೊರಗಿನವರಿಗೆ ತೋರಿಸುವುದಿಲ್ಲ. ಹುಡುಕಲು ಹೋಗಬೇಡಿ.

ಫೋನು, ಕಂಪ್ಯೂಟರ್ ಬಾರದವರು ಕೋರ್ಟ್ ಆವರಣದ ಇ-ಸೇವಾ ಕೇಂದ್ರಕ್ಕೆ ನಂಬರ್ ತೆಗೆದುಕೊಂಡು ಹೋದರೆ ಅವರೇ ಕೇಸು ತೆಗೆದು ತೋರಿಸುತ್ತಾರೆ. ವಕೀಲರಿಗೆ ಫೀಸು ಕೊಡಲಾಗದವರು 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವೆಗಳ ಸಹಾಯವಾಣಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ತಾಲ್ಲೂಕು ಕೋರ್ಟಿನಲ್ಲೂ ಅವರ ಸಮಿತಿ ಇದೆ. ಹೋಗುವಾಗ ಎಫ್‌ಐಆರ್ ಪ್ರತಿ, ಇಲ್ಲದಿದ್ದರೆ ನೋಟಿಸು, ಅದೂ ಇಲ್ಲದಿದ್ದರೆ ಗಾಡಿ ನಂಬರ್, ಅಪಘಾತದ ತಾರೀಖು ಮತ್ತು ಜಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಮಸ್ಕಾರ.